ಡಬ್ಬಿ ಮೇಲೆ ನಂಬರ್ ಇದ್ರೆ ಔಷಧಿ ಆಗುತ್ತಾ?

ಕಳೆದ ತಿಂಗಳು ಊರಿಗೆ ಹೋದಾಗ ನೋಡಿದೆ, ಅಮ್ಮನ ಶುಗರ್ ಮಾತ್ರೆಯ ಸ್ಟ್ರಿಪ್ ಮುಟ್ಟದೆ ಹಾಗೇ ಇತ್ತು. ಪಕ್ಕದಲ್ಲಿ ಹೊಸದೊಂದು ಪುಡಿ ಡಬ್ಬಿ. ಪರಿಚಯದವರೊಬ್ಬರು ಮನೆಗೇ ತಂದು ಕೊಟ್ಟಿದ್ದಂತೆ, ಎರಡೂವರೆ ಸಾವಿರ. "ಇದು ತಗೊಂಡ್ರೆ ಮಾತ್ರೆ ಬೇಡ್ವಂತೆ ಕಣೋ. ಗೌರ್ಮೆಂಟ್ ಒಪ್ಪಿರೋದು, ನಂಬರ್ ಇದೆ ನೋಡು" ಅಂದ್ಲು.

ಇತ್ತು. ಎಫ್ಎಸ್ಎಸ್ಎಐ, 14 ಅಂಕಿ. ಅದು ತಯಾರಕರ ಲೈಸೆನ್ಸ್ ನಂಬರ್ ಸ್ವಾಮಿ! ಚಿಪ್ಸ್ ಪ್ಯಾಕೆಟ್ ಮೇಲೂ ಅಂಥದ್ದೇ ಇರುತ್ತೆ. ಶುಗರ್ ಇಳಿಯುತ್ತೆ ಅಂತ ಯಾರೂ ಪರೀಕ್ಷೆ ಮಾಡಿ ಕೊಟ್ಟ ಸರ್ಟಿಫಿಕೇಟ್ ಅಲ್ಲ.

2006ರ ಆಹಾರ ಸುರಕ್ಷತೆ ಕಾಯ್ದೆಯ 22ನೇ ಕಲಂ ಪ್ರಕಾರ ಇದೆಲ್ಲ ಆಹಾರ, ಔಷಧಿ ಅಲ್ಲ. ಕಾಯಿಲೆ ವಾಸಿ ಮಾಡುತ್ತೆ ಅಂತ ಹೇಳಿಕೊಳ್ಳೋ ಹಾಗಿಲ್ಲ. ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ. ಆದ್ರೆ ಜಗಲಿ ಮೇಲೆ ಕೂತು, ಕಾಫಿ ಕುಡೀತಾ ಹೇಳಿದ ಮಾತಿಗೆ ಸಾಕ್ಷಿ ಎಲ್ಲಿ? ಡಬ್ಬಿ ಕಾನೂನು ಪಾಲಿಸುತ್ತೆ, ಬಾಯಿ ವ್ಯಾಪಾರ ಮಾಡುತ್ತೆ!

ಉಳಿದದ್ದು ಒಂದೇ ರಕ್ಷಣೆ. 2016ರ ನಿಯಮಗಳು ಹೇಳಿದ ಎಚ್ಚರಿಕೆ: 'ನಾಟ್ ಫಾರ್ ಮೆಡಿಸಿನಲ್ ಯೂಸ್', ಅಂದ್ರೆ ಔಷಧಿಯಾಗಿ ಬಳಸುವಂತಿಲ್ಲ. ಎದ್ದು ಕಾಣೋ ಹಾಗೆ ಬರೀಬೇಕು ಅನ್ನುತ್ತೆ ನಿಯಮ. ನಮ್ಮ ಡಬ್ಬಿಯಲ್ಲಿ ಅದು ಇರುವೆ ಸಾಲಿನ ಹಾಗಿತ್ತು, ಅದೂ ಇಂಗ್ಲಿಷಿನಲ್ಲಿ. ಅಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ, ಏಳನೇ ಕ್ಲಾಸು.

ತಮಾಷೆ ಕೇಳಿ. 2020ರ ಲೇಬಲ್ ನಿಯಮಗಳ ಪ್ರಕಾರ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರೆದರೆ ಸಾಕು. ಬೇರೆ ಭಾಷೆ ಸೇರಿಸಿದ್ರೆ ಅಡ್ಡಿಯಿಲ್ಲ ಅಷ್ಟೇ, ಕಡ್ಡಾಯ ಅಲ್ಲ. ನಾನು ಬರೆದ ಪ್ರೋಗ್ರಾಮು ಎರರ್ ಮೆಸೇಜನ್ನ ಯಾವುದೋ ಲಾಗ್ ಫೈಲಿಗೆ ಹಾಕಿ, "ಯೂಸರ್‌ಗೆ ಎಚ್ಚರಿಕೆ ಕೊಟ್ಟಾಯ್ತು" ಅಂದ್ರೆ ನಮ್ಮ ಮ್ಯಾನೇಜರ್ ಬಿಡ್ತಾರಾ? ಕಾನೂನು ಮಾತ್ರ ಬಿಡುತ್ತೆ.

"ಬರೀ ವಿಟಮಿನ್ನು, ಏನಾಗುತ್ತೆ?" ಅಂತೀರಾ? ವಿಟಮಿನ್ನಿಂದ ಏನೂ ಆಗದೇ ಇರಬಹುದು. ನಿಲ್ಲಿಸಿದ ಮಾತ್ರೆಯಿಂದ ಆಗುತ್ತೆ. ಮಾರನೇ ದಿನ ಬರಿಹೊಟ್ಟೆಯಲ್ಲಿ ಅಮ್ಮನ ಶುಗರ್ ನೋಡಿಸಿದೆ, 290.

ನನ್ನ ಬೇಡಿಕೆ ದೊಡ್ಡದಲ್ಲ. ಮಾರುವ ರಾಜ್ಯದ ಭಾಷೆಯಲ್ಲಿ, ಬ್ರ್ಯಾಂಡ್ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಎರಡು ಸಾಲು: ಇದು ಔಷಧಿ ಅಲ್ಲ. ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ಅಲ್ಲೀವರೆಗೆ, ಮುಂದಿನ ಸಲ ಊರಿಗೆ ಹೋದಾಗ ಮನೆಯ ಡಬ್ಬಿಗಳನ್ನೊಮ್ಮೆ ತಿರುಗಿಸಿ ನೋಡಿ. ಆ ಸಣ್ಣಕ್ಷರವನ್ನ ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿ. ನಾನು ಓದಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ: "ಹಾಗಾದ್ರೆ ಇದನ್ನ ಕನ್ನಡದಲ್ಲಿ ಯಾಕೆ ಬರೆದಿಲ್ಲ?"

ಉತ್ತರ ಇದ್ದವರು ಹೇಳಿ.