ಕೈಗೆ ಬಂದ ಕತ್ತಿ

ಕರೆಯದಿದ್ದರೂ ಪ್ರತಿದಿನ ತಪ್ಪದೆ ಬರುವ ಅತಿಥಿ ಗಡ್ಡ. ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಅದು ಗಲ್ಲದ ಮೇಲೆ ಮತ್ತೆ ತನ್ನ ಹಕ್ಕನ್ನು ಸ್ಥಾಪಿಸಿರುತ್ತದೆ. ಈ ಅತಿಥಿಯನ್ನು ಸಾಗಹಾಕುವುದಕ್ಕೆ ಇಂದು ಎರಡು ದಾರಿಗಳಿವೆ. ಒಂದು, ವಿದ್ಯುತ್ತಿನಿಂದ ಗುಂಯ್‌ಗುಡುವ ಯಂತ್ರದ ಒಣ ಕ್ಷೌರ. ಇನ್ನೊಂದು, ನೀರು, ಸೋಪು, ಕುಂಚ, ಅಲಗುಗಳನ್ನು ಬೇಡುವ ಹಳೆಯ ಹಸಿ ಕ್ಷೌರ. ಹೊಸದು ಬಂದ ಮೇಲೆ ಹಳೆಯದು ಹಿಂದೆ ಸರಿಯುವುದು ಲೋಕರೂಢಿ. ಆದರೆ ಕ್ಷೌರದ ವಿಷಯದಲ್ಲಿ ಈ ರೂಢಿಯು ಪೂರ್ತಿಯಾಗಿ ನಡೆದಿಲ್ಲ. ಯಂತ್ರದಿಂದಲೇ ಮೊದಲ ಗಡ್ಡವನ್ನು ತೆಗೆದ ಅನೇಕ ತರುಣರು ಈಗ ತಂದೆಯ ಕಾಲದ ಉಕ್ಕಿನ ರೇಜರನ್ನು ಕಪಾಟಿನಿಂದ ಹೊರಗೆ ತೆಗೆಯುತ್ತಿದ್ದಾರೆ.

ಹರಿಹರ ತಾಲ್ಲೂಕಿನ ನಂದಿಗುಡಿಯಂಥ ಊರಿನಲ್ಲಿರುವ ಒಬ್ಬ ಗೃಹಸ್ಥನು ಹೀಗೆ ಮನಸ್ಸು ಮಾಡಿದನೆಂದು ಇಟ್ಟುಕೊಳ್ಳಬಹುದು. ಕಾರಣಗಳನ್ನು ದೂರ ಹುಡುಕಬೇಕಾಗಿಲ್ಲ. ವಿದ್ಯುತ್ತು ಕೈಕೊಟ್ಟ ದಿನ ಯಂತ್ರವು ಅರ್ಧ ಗಲ್ಲಕ್ಕೇ ನಿಂತೀತು. ಅದರ ಅಲಗು ಮೊಂಡಾದರೆ ಬಿಡಿಭಾಗವನ್ನು ಹುಡುಕಿಕೊಂಡು ಪೇಟೆಗೆ ಹೋಗಬೇಕಾದೀತು. ಬ್ಲೇಡಾದರೋ ಊರಿನ ಕಿರಾಣಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಕ್ಕುವ ವಸ್ತು. ಉಳಿತಾಯವೂ ಆಯಿತು, ಮುಖವೂ ನುಣುಪಾಯಿತು ಎಂಬ ಲೆಕ್ಕದಿಂದ ಅವನು ಕನ್ನಡಿಯ ಮುಂದೆ ನಿಲ್ಲುತ್ತಾನೆ. ಹತ್ತು ನಿಮಿಷಗಳ ತರುವಾಯ ಅವನ ಕೊರಳಿನ ಮೇಲೆ ಮೂರು ಕಡೆ ರಕ್ತ, ಗಲ್ಲದ ತುಂಬ ಉರಿ! ‘ಈ ಹಳೆಯ ಕಾಲದ ಸಹವಾಸವೇ ಬೇಡ’ ಎಂದು ಅವನು ಪುನಃ ಯಂತ್ರಕ್ಕೆ ಶರಣಾದರೆ ಆಶ್ಚರ್ಯವಿಲ್ಲ.

ತಪ್ಪು ಕತ್ತಿಯದಲ್ಲ. ಯಂತ್ರವು ಅವನ ಕೈಗೆ ಕಲಿಸಿದ ಅಭ್ಯಾಸಗಳೇ ಇಲ್ಲಿ ಅವನಿಗೆ ವೈರಿಗಳಾದುವು. ಒಣ ಕ್ಷೌರದಿಂದ ಹಸಿ ಕ್ಷೌರಕ್ಕೆ ಬರುವವನು ಹೊಸದಾಗಿ ಕಲಿಯಬೇಕಾದುದಕ್ಕಿಂತ ಮರೆಯಬೇಕಾದುದೇ ಹೆಚ್ಚು.

ಎರಡು ಸಾಧನಗಳ ಕಥೆ

ಕ್ಷೌರವು ಬಹುಕಾಲ ಪರಹಸ್ತದ ವಿದ್ಯೆಯಾಗಿತ್ತು. ಉದ್ದನೆಯ ಬರಿಗತ್ತಿಯನ್ನು ಕಲ್ಲಿಗೆ ತೀಡಿ, ತೊಗಲಿನ ಪಟ್ಟಿಗೆ ಸವರಿ, ಇನ್ನೊಬ್ಬರ ಕೊರಳಿನ ಮೇಲೆ ನಿರ್ಭಯವಾಗಿ ಆಡಿಸುವುದಕ್ಕೆ ವರ್ಷಗಟ್ಟಲೆಯ ಸಾಧನೆ ಬೇಕಾಗಿತ್ತು. ಅಮೆರಿಕೆಯ ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತನು ಸವೆದ ಬಳಿಕ ಎಸೆಯಬಹುದಾದ ತೆಳುವಾದ ಬ್ಲೇಡನ್ನೂ, ಅದನ್ನು ಹಿಡಿದುಕೊಂಡು ಅಂಚು ಮಾತ್ರ ಕಾಣುವಂತೆ ಕಾಯುವ ಸೇಫ್ಟಿ ರೇಜರನ್ನೂ ರೂಪಿಸಿದನು. 1903ರಲ್ಲಿ ಮಾರಾಟಕ್ಕೆ ಬಂದಾಗ ಆ ವರ್ಷವೆಲ್ಲ ಹೋದದ್ದು 51 ರೇಜರುಗಳು, 168 ಬ್ಲೇಡುಗಳು. ಮರುವರ್ಷ 1904ರಲ್ಲಿ ರೇಜರುಗಳ ಸಂಖ್ಯೆ ತೊಂಬತ್ತು ಸಾವಿರವನ್ನು ದಾಟಿತು. ಮನುಷ್ಯನು ತನ್ನ ಗಡ್ಡವನ್ನು ತಾನೇ ತೆಗೆದುಕೊಳ್ಳುವ ಯುಗವು ಹೀಗೆ ಆರಂಭವಾಯಿತು.

ವಿದ್ಯುತ್ ಯಂತ್ರವು ಇದರ ತಮ್ಮ. ಅಮೆರಿಕೆಯ ಸೈನ್ಯದಲ್ಲಿದ್ದ ಜೇಕಬ್ ಷಿಕ್ ಎಂಬಾತನ ಒಣ ಕ್ಷೌರಯಂತ್ರವು 1931ರಲ್ಲಿ ಅಂಗಡಿಗೆ ಬಂತು. 1939ರಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪನಿಯು ಅಲಗು ದುಂಡಗೆ ತಿರುಗುವ ಯಂತ್ರವನ್ನು ಹೊರತಂದಿತು. ಇವೆರಡರ ಗುಟ್ಟು ಒಂದೇ. ರಂಧ್ರಗಳುಳ್ಳ ತೆಳು ತಗಡೊಂದು ಚರ್ಮಕ್ಕೂ ಅಲಗಿಗೂ ನಡುವೆ ಕಾವಲು ನಿಂತಿರುತ್ತದೆ. ರಂಧ್ರದೊಳಕ್ಕೆ ನುಸುಳಿದ ಕೂದಲನ್ನು ಒಳಗಿನ ಅಲಗು ಕತ್ತರಿಸುತ್ತದೆ. ಚರ್ಮವನ್ನು ಅಲಗು ನೇರವಾಗಿ ಮುಟ್ಟುವುದಿಲ್ಲ. ಆದುದರಿಂದಲೇ ಯಂತ್ರದಿಂದ ಗಾಯವಾಗುವುದು ಅಪರೂಪ. ಆದುದರಿಂದಲೇ ಅದು ಕೂದಲನ್ನು ಬುಡದವರೆಗೆ ತೆಗೆಯಲಾರದು. ಎಚ್ಚರಿಕೆಯ ಭಾರವನ್ನೆಲ್ಲ ತಗಡೇ ಹೊತ್ತಿರುವಾಗ ಕೈಗೆ ಎಚ್ಚರವಿರಬೇಕಾದ ಅಗತ್ಯವೇನು? ಯಂತ್ರದವನ ಕೈ ಹೀಗೆ ನಿಶ್ಚಿಂತವಾಗಿ ಬೆಳೆದಿರುತ್ತದೆ.

ಮರೆಯಬೇಕಾದ ನಾಲ್ಕು ಅಭ್ಯಾಸಗಳು

ಯಂತ್ರವು ಒಣ ಮುಖವನ್ನು ಬಯಸುತ್ತದೆ. ಒಣಗಿ ಸೆಟೆದು ನಿಂತ ಕೂದಲು ರಂಧ್ರದೊಳಗೆ ಸುಲಭವಾಗಿ ಹೊಗುತ್ತದೆ. ಬ್ಲೇಡಿಗೆ ಇದರ ವಿರುದ್ಧವಾದುದು ಬೇಕು. ಎರಡನೆಯದು, ಯಂತ್ರವನ್ನು ಗಲ್ಲಕ್ಕೆ ಅದುಮಿ ಹಿಡಿಯುವುದುಂಟು. ಬ್ಲೇಡನ್ನು ಅದುಮಿದರೆ ಅದು ಕೂದಲಿನೊಡನೆ ಚರ್ಮದ ಮೇಲ್ಪದರವನ್ನೂ ಹೆರೆಯುತ್ತದೆ. ಮೂರನೆಯದು, ತಿರುಗುವ ಅಲಗಿನ ಯಂತ್ರವನ್ನು ಸುತ್ತುಸುತ್ತಾಗಿ ಎತ್ತ ಬೇಕಾದರತ್ತ ಓಡಿಸಬಹುದು. ಬ್ಲೇಡಿಗೆ ದಿಕ್ಕುಂಟು, ಅಡ್ಡಕ್ಕೆ ಜಾರಿಸಿದೊಡನೆ ಅದು ಕೊಯ್ಯುತ್ತದೆ. ನಾಲ್ಕನೆಯದು, ಉಳಿದ ಕೂದಲಿಗಾಗಿ ಒಂದೇ ಜಾಗವನ್ನು ಯಂತ್ರದಿಂದ ಹತ್ತು ಸಲ ಉಜ್ಜುವ ಚಪಲ. ನೊರೆ ಹೋದ ಬರಿಯ ಚರ್ಮದ ಮೇಲೆ ಬ್ಲೇಡನ್ನು ಎರಡನೆಯ ಸಲ ಎಳೆದರೆ ಸಾಕು, ಸಂಜೆಯವರೆಗೂ ಉರಿ ತಪ್ಪದು.

ನೀರು ಮೊದಲು, ಅಲಗು ಕೊನೆಗೆ

ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯುಂಟು. ಹಸಿ ಕ್ಷೌರದಲ್ಲಿಯೂ ನೀರಿನ ಕೆಲಸವು ಮೊದಲೇ ಮುಗಿದಿರಬೇಕು. ಗಡ್ಡದ ಕೂದಲು ನೀರನ್ನು ಹೀರಿ ಉಬ್ಬಿ ಮೆತ್ತಗಾಗುತ್ತದೆ; ಆಗ ಅದನ್ನು ಕತ್ತರಿಸುವುದಕ್ಕೆ ಬೇಕಾಗುವ ಬಲವು ಬಹಳ ಕಡಿಮೆಯಾಗುತ್ತದೆ. ಇದಕ್ಕೆ ಎರಡು ಮೂರು ನಿಮಿಷಗಳಾದರೂ ಬೇಕು. ಸ್ನಾನವಾದೊಡನೆಯ ಸಮಯವೇ ಉತ್ತಮ. ಇಲ್ಲವಾದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಪಂಚೆಯ ತುಂಡನ್ನು ಮುಖದ ಮೇಲೆ ಇಟ್ಟುಕೊಳ್ಳಬಹುದು.

ನೀರಿನ ಗುಣವನ್ನೂ ನೋಡತಕ್ಕದ್ದು. ಸೋಪಿಗೆ ಗಡಸು ನೀರೆಂದರೆ ಆಗದು. ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಹೆಚ್ಚಾಗಿರುವ ಕೊಳವೆಬಾವಿಯ ನೀರಿನಲ್ಲಿ ಸೋಪು ನೊರೆಯಾಗುವುದರ ಬದಲು ಜಿಗುಟು ಕೆನೆಯಾಗಿ ನಿಲ್ಲುತ್ತದೆ. ಹೊಸಬನು ಸೋಪನ್ನು ದೂರುತ್ತಾನೆ, ದೋಷವಿರುವುದು ತಂಬಿಗೆಯಲ್ಲಿ. ಮಳೆಯ ನೀರನ್ನೋ, ಹೊಳೆಯ ನೀರನ್ನೋ ಒಂದು ಬಟ್ಟಲು ಎತ್ತಿಟ್ಟುಕೊಂಡರೆ ಅದೇ ಸೋಪು ಮೊಸರಿನ ಕೆನೆಯಂಥ ನೊರೆಯನ್ನು ಕೊಡುತ್ತದೆ. ನೊರೆಯು ಗುಳ್ಳೆಗುಳ್ಳೆಯಾಗಿ ಹಗುರವಾಗಿರಬಾರದು. ಒದ್ದೆಯಾಗಿ, ದಟ್ಟವಾಗಿ, ಜಾರುವಂತಿರಬೇಕು. ಕುಂಚದಿಂದ ಸುತ್ತಿಸುತ್ತಿ ಹಚ್ಚಿದಾಗ ಮಲಗಿದ ಕೂದಲು ಮೇಲೆದ್ದು ನಿಲ್ಲುತ್ತದೆ. ಯಂತ್ರದಿಂದ ಕಲಿತ ಸುತ್ತು ಚಲನೆಗೆ ಇಲ್ಲಿ ಮಾತ್ರ ಸ್ಥಾನವುಂಟು.

ಭಾರತದ ಮನೆಗಳಲ್ಲಿ ಈ ನೀರು ಎಷ್ಟು ಮುಖ್ಯವೆಂಬುದನ್ನು ಒಂದು ದೊಡ್ಡ ಕಂಪನಿಯೇ ತಡವಾಗಿ ಅರಿಯಿತು. ಈ ಶತಮಾನದ ಆರಂಭದಲ್ಲಿ ಜಿಲೆಟ್ ಕಂಪನಿಯವರು ಭಾರತಕ್ಕೆಂದು ಮಾಡಿದ ಒಂದು ರೇಜರನ್ನು ಅಮೆರಿಕೆಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಕೈಯಲ್ಲಿ ಪರೀಕ್ಷಿಸಿದರು. ಎಲ್ಲರೂ ಮೆಚ್ಚಿದರು. ಅದೇ ರೇಜರು ಇಲ್ಲಿಗೆ ಬಂದಾಗ ಕೂದಲು ಕಟ್ಟಿಕೊಂಡು ನಿಂತಿತು. ಆ ವಿದ್ಯಾರ್ಥಿಗಳಿಗೆ ಧಾರಾಳವಾಗಿ ಹರಿಯುವ ನಲ್ಲಿಯಿತ್ತು. ಇಲ್ಲಿಯ ಬಹುಜನರು ಒಂದು ಬಟ್ಟಲು ನೀರಿನಲ್ಲಿಯೇ ಕ್ಷೌರವನ್ನು ಮುಗಿಸುವವರು. ಬಳಿಕ ಜನರ ಮನೆಗಳಿಗೇ ಹೋಗಿ, ಅವರು ಕ್ಷೌರ ಮಾಡಿಕೊಳ್ಳುವ ಬಗೆಯನ್ನು ಕಣ್ಣಾರೆ ಕಂಡು, ಬಟ್ಟಲಿನಲ್ಲಿ ಅದ್ದಿದರೆ ತೊಳೆದುಹೋಗುವಂಥ ಒಂದೇ ಅಲಗಿನ ಅಗ್ಗದ ರೇಜರನ್ನು 2010ರಲ್ಲಿ ಹೊರತಂದರು. ಹಳೆಯ ಸೇಫ್ಟಿ ರೇಜರಿಗೆ ಈ ಗುಣವು ಹುಟ್ಟಿನಿಂದಲೇ ಉಂಟು. ಎರಡು ಮೂರು ಎಳೆತಗಳಿಗೊಮ್ಮೆ ಅದನ್ನು ಬಟ್ಟಲಿನಲ್ಲಿ ಅಲುಗಿಸಿದರೆ ಸಾಕು.

ಕೋನದ ಗುಟ್ಟು

ಅಲಗನ್ನು ಚರ್ಮಕ್ಕೆ ಎಷ್ಟು ಓರೆಯಾಗಿ ಹಿಡಿಯಬೇಕೆಂಬುದು ಹೊಸಬನಿಗೆ ಎದುರಾಗುವ ಮುಖ್ಯ ಪ್ರಶ್ನೆ. ಹರಿಹರದ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. 1941ರಲ್ಲಿ ಅಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಬಹುಕಾಲ ಲೇತ್ ಯಂತ್ರಗಳನ್ನು ತಯಾರಿಸಿತು. ಆ ಕಾರ್ಖಾನೆ ಮುಚ್ಚಿದೆಯಾದರೂ ಲೇತಿನ ಮುಂದೆ ನಿಂತು ದುಡಿದ ಹಿರಿಯರು ಆ ಸೀಮೆಯಲ್ಲಿದ್ದಾರೆ. ಉಳಿಯು ಲೋಹವನ್ನು ತಾಕುವ ಕೋನವು ಸ್ವಲ್ಪ ತಪ್ಪಿದರೂ ಅದು ಕೊರೆಯುವುದರ ಬದಲು ಕಿತ್ತುಹಾಕುತ್ತದೆಂಬುದನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ. ಗಲ್ಲದ ಮೇಲೆ ಈ ಕೋನವು ಸುಮಾರು 30 ಡಿಗ್ರಿ. ಅಳೆಯುವುದಕ್ಕೆ ಕೋನಮಾಪಕವು ಬೇಡ. ರೇಜರಿನ ತಲೆಯನ್ನು ಗಲ್ಲಕ್ಕೆ ತಾಗಿಸಿ, ಹಿಡಿಯನ್ನು ಮೆಲ್ಲಗೆ ಕೆಳಕ್ಕೆ ಇಳಿಸುತ್ತ ಬಂದರೆ ಅಲಗು ಕೂದಲನ್ನು ಹಿಡಿಯುವ ಸಣ್ಣ ಸದ್ದು ಕೇಳಿಸುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಮುಂದಿನ ಗುರು ಕಿವಿಯೇ.

ಒತ್ತಡವಂತೂ ಬೇಡವೇ ಬೇಡ. ರೇಜರು ತನ್ನ ತೂಕದಿಂದಲೇ ಇಳಿಯಬೇಕು. ಹಿಡಿಯ ತುದಿಯನ್ನು ಎರಡು ಬೆರಳುಗಳಲ್ಲಿ ಸಡಿಲವಾಗಿ ಹಿಡಿದರೆ ಅದುಮಬೇಕೆಂದರೂ ಅದುಮಲಾಗದು. ಎಳೆತಗಳು ಅಂಗುಲದಷ್ಟು ಚಿಕ್ಕವಾಗಿರಲಿ. ಇನ್ನೊಂದು ಕೈ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಿರಲಿ. ಮೊದಲನೆಯ ವಾರಗಳಲ್ಲಿ ಕೂದಲು ಮಲಗಿರುವ ದಿಕ್ಕಿಗೆ ಮಾತ್ರ ಒಂದು ಸಲ ಎಳೆದು ತೃಪ್ತನಾಗಬೇಕು. ಗಲ್ಲದ ಮೇಲೆ ಆ ದಿಕ್ಕು ಸಾಮಾನ್ಯವಾಗಿ ಕೆಳಮುಖ. ಕೊರಳಿನಲ್ಲಿ ಅದು ಒಬ್ಬೊಬ್ಬನಿಗೆ ಒಂದೊಂದು ತೆರ. ಎರಡು ದಿನ ಗಡ್ಡ ಬಿಟ್ಟು, ಬೆರಳಾಡಿಸಿ, ತನ್ನ ಮುಖದ ನಕ್ಷೆಯನ್ನು ತಾನೇ ತಿಳಿದುಕೊಳ್ಳಬೇಕು. ಇನ್ನೂ ನುಣುಪು ಬೇಕೆನ್ನುವವನು ಮತ್ತೆ ನೊರೆ ಹಚ್ಚಿ ಅಡ್ಡದಿಕ್ಕಿನಲ್ಲಿ ಎಳೆಯಲಿ. ಎದುರು ದಿಕ್ಕಿಗೆ ಎಳೆಯುವ ಸಾಹಸವನ್ನು, ಅದರಲ್ಲಿಯೂ ಗುಂಗುರು ಗಡ್ಡದವರು, ಮುಂದಕ್ಕೆ ಹಾಕುವುದೇ ಲೇಸು. ಬುಡಕ್ಕಿಂತ ಕೆಳಗೆ ಕತ್ತರಿಸಿದ ಗುಂಗುರು ಕೂದಲು ಒಳಕ್ಕೇ ಬೆಳೆದು ಗುಳ್ಳೆಯೆಬ್ಬಿಸುತ್ತದೆ. ಕೊನೆಗೆ ತಣ್ಣೀರು. ಆಮೇಲೆ ಕ್ಷೌರದಂಗಡಿಯ ಆ ಹಳೆಯ ಬಿಳಿಯ ಪಟಿಕದ ಹರಳನ್ನು ಒದ್ದೆ ಮುಖಕ್ಕೆ ಸವರಿದರೆ ಸಣ್ಣ ಗಾಯಗಳ ರಕ್ತವು ನಿಲ್ಲುತ್ತದೆ. ಅದು ಎಲ್ಲಿ ಹೆಚ್ಚು ಚುರುಗುಟ್ಟುತ್ತದೆಯೋ ಅಲ್ಲಿ ಕೈ ಭಾರವಾಗಿತ್ತೆಂದು ಅರ್ಥ. ಮರುದಿನದ ಪಾಠ ಅಲ್ಲಿಂದ.

ಕೂದಲಿಗೆ ಸೋಲುವ ಉಕ್ಕು

ಬ್ಲೇಡು ಉಕ್ಕಿನದು, ಕೂದಲು ಅದಕ್ಕಿಂತ ಸುಮಾರು ಐವತ್ತು ಪಟ್ಟು ಮೃದು. ಆದರೂ ಕೆಲವೇ ಕ್ಷೌರಗಳಲ್ಲಿ ಬ್ಲೇಡು ಮೊಂಡಾಗುತ್ತದೆ. ಈ ವಿಚಿತ್ರವನ್ನು ಅಮೆರಿಕೆಯ ಎಂ.ಐ.ಟಿ.ಯ ವಿಜ್ಞಾನಿಗಳು ಸೂಕ್ಷ್ಮದರ್ಶಕದಡಿಯಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಅಂಚು ಸಮನಾಗಿ ಸವೆಯುವುದಕ್ಕಿಂತ ಹೆಚ್ಚಾಗಿ, ಕೂದಲು ಓರೆಯಾಗಿ ತಾಕಿದ ಕಡೆ ಉಕ್ಕಿನ ದುರ್ಬಲ ಸ್ಥಾನಗಳಲ್ಲಿ ಸಣ್ಣ ಚಕ್ಕೆಗಳು ಎದ್ದುಹೋಗುತ್ತವೆಂದು ಅವರು ಕಂಡರು. ಮನೆಯ ಜನರಿಗೆ ಇದರ ತಾತ್ಪರ್ಯವಿಷ್ಟೇ: ಎಳೆದಂತೆ ಅನಿಸತೊಡಗಿದೊಡನೆ ಬ್ಲೇಡನ್ನು ಬದಲಿಸಬೇಕು. ಮೊಂಡು ಬ್ಲೇಡಿಗೆ ಒತ್ತಡ ಬೇಕಾಗುತ್ತದೆ, ಒತ್ತಡದಿಂದಲೇ ಗಾಯ. ಬ್ಲೇಡಿನಲ್ಲಿ ಉಳಿಸಿದ ಕಾಸು ಚರ್ಮದ ಮೇಲೆ ಖರ್ಚಾಗುತ್ತದೆ.

ಬ್ಲೇಡು ಹಾಕಿದರೆ ಗಡ್ಡ ದಪ್ಪವಾಗುವುದೆಂಬ ಅಂಜಿಕೆಯು ಕೆಲವರಿಗುಂಟು. 1928ರಷ್ಟು ಹಿಂದೆಯೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕೆಯ ವಿದುಷಿಯು ಇದನ್ನು ಪರೀಕ್ಷಿಸಿ, ಕ್ಷೌರದಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗದೆಂದು ತೋರಿಸಿದಳು. ಕತ್ತರಿಸಿದ ತುದಿಯು ಮೊಂಡಾಗಿರುವುದರಿಂದ ಕೈಗೆ ಒರಟಾಗಿ ತೋರುತ್ತದೆ, ಅಷ್ಟೇ.

ಯಾರು ಬದಲಾಯಿಸಬಾರದು?

ಹಳೆಯದರ ಮೇಲಿನ ಮೋಹವು ವಿವೇಕವನ್ನು ನುಂಗಬಾರದು. ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುತ್ತಿರುವ ಹೃದ್ರೋಗಿಗಳಿಗೆ ಚಿಕ್ಕ ಗಾಯವೂ ದೊಡ್ಡ ಪೀಡೆಯಾದೀತು. ಗಾಯಗಳು ಬೇಗ ಮಾಯದ ಮಧುಮೇಹಿಗಳೂ, ಕೈ ನಡುಗುವ ವೃದ್ಧರೂ ವಿದ್ಯುತ್ ಯಂತ್ರದಲ್ಲಿಯೇ ಉಳಿಯುವುದು ಕ್ಷೇಮ. ಮಗನು ತಾನು ರೇಜರಿಗೆ ಬಂದ ಉತ್ಸಾಹದಲ್ಲಿ ತಂದೆಯ ಯಂತ್ರವನ್ನು ಮೂಲೆಗೆಸೆಯದಿರಲಿ.

ಎರಡನೆಯ ಎಚ್ಚರಿಕೆ, ಒಬ್ಬನ ಬ್ಲೇಡು ಇನ್ನೊಬ್ಬನಿಗೆ ಸಲ್ಲದು. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಯಕೃತ್ತಿನ ಬೇನೆಯಾದ ಹೆಪಟೈಟಿಸ್-ಬಿ ಹರಡಬಲ್ಲದು. ಆ ವೈರಸ್ಸು ದೇಹದ ಹೊರಗೆ ಏಳು ದಿನಗಳವರೆಗಾದರೂ ಜೀವ ಹಿಡಿದಿರುತ್ತದೆ. ತಂದೆಮಕ್ಕಳಾದರೂ, ಅಣ್ಣತಮ್ಮಂದಿರಾದರೂ ರೇಜರು ಬೇರೆಬೇರೆಯಾಗಿರಬೇಕು. ಗಿರಾಕಿಯ ಕಣ್ಣೆದುರಿಗೆ ಹೊಸ ಬ್ಲೇಡನ್ನು ಮುರಿದು ಕತ್ತಿಗೆ ಸಿಕ್ಕಿಸುವ ಕ್ಷೌರಿಕನು ನಡೆಸುತ್ತಿರುವುದು ಆಡಂಬರವನ್ನಲ್ಲ, ಆರೋಗ್ಯದ ನಿಯಮವನ್ನು.

ಮೂರನೆಯದನ್ನು ಹಳ್ಳಿಯವರು ವಿಶೇಷವಾಗಿ ನೆನೆಯಬೇಕು. ಯಂತ್ರವು ಕಸವನ್ನು ಬಿಡುವುದಿಲ್ಲ. ರೇಜರಾದರೋ ವಾರಕ್ಕೊಂದು ಹರಿತವಾದ ಕಸವನ್ನು ಹೆರುತ್ತದೆ. ಬಚ್ಚಲಿನ ಗೋಡೆಯ ಮೇಲಿಟ್ಟ ಬ್ಲೇಡು ಕಸದೊಡನೆ ತಿಪ್ಪೆಗೆ ಹೋಗುತ್ತದೆ, ತಿಪ್ಪೆಯ ಗೊಬ್ಬರ ಗದ್ದೆಗೆ ಹೋಗುತ್ತದೆ. ಗದ್ದೆಯ ಕೆಸರಿನಲ್ಲಿ ಬರಿಗಾಲಿನಿಂದ ನಾಟಿ ಹಾಕುವ ಹೆಂಗಸಿಗೆ ಅದು ಕಾಣುವುದಿಲ್ಲ. ಮೇವಿನೊಡನೆ ಸೇರಿದರೆ ದನವು ಅದನ್ನು ಆರಿಸಿ ಬಿಡುವುದೂ ಇಲ್ಲ. ಹೊಟ್ಟೆಗೆ ಹೋದ ಮೊಳೆ, ತಂತಿ, ಲೋಹದ ಚೂರುಗಳಿಂದ ರಾಸುಗಳು ಸಾಯುವುದನ್ನು ಪಶುವೈದ್ಯರು ಬಲ್ಲರು. ಹೆಸರಿನಲ್ಲಿಯೇ ನಂದಿಯನ್ನು ಹೊತ್ತ ಊರಿನಲ್ಲಿ ಈ ಮಾತನ್ನು ಹೆಚ್ಚು ವಿಸ್ತರಿಸಬೇಕಾಗಿಲ್ಲ. ಹಳೆಯ ಡಬ್ಬಿಯೊಂದರ ಮುಚ್ಚಳಕ್ಕೆ ಸೀಳು ಕೊರೆದು, ಮುಚ್ಚಳವನ್ನು ಭದ್ರಪಡಿಸಿ, ಸವೆದ ಬ್ಲೇಡುಗಳನ್ನು ಅದರೊಳಗೇ ಹಾಕುತ್ತಿರಬೇಕು. ಅಂಗೈಯಗಲದ ಡಬ್ಬಿಯು ವರ್ಷಗಟ್ಟಲೆ ಸಾಕಾಗುತ್ತದೆ. ಹೊಸ ರೇಜರನ್ನು ಕೊಳ್ಳುವ ದಿನವೇ ಈ ಡಬ್ಬಿಯೂ ಸಿದ್ಧವಾಗಿರಲಿ.

ಗುರುವು ಹತ್ತಿರದಲ್ಲಿಯೇ

ಇಷ್ಟೆಲ್ಲವನ್ನೂ ಓದಿ ತಿಳಿಯಲಾರದವನಿಗೆ ಒಂದು ಸುಲಭೋಪಾಯವಿದೆ. ಊರಿನ ಕ್ಷೌರಿಕನ ಮುಂದೆ ಒಂದು ಸಲ ಕಣ್ಣು ತೆರೆದುಕೊಂಡು ಕುಳಿತುಕೊಳ್ಳುವುದು! ಸಾಮಾನ್ಯವಾಗಿ ಜನರು ಅಲ್ಲಿ ಕಣ್ಣು ಮುಚ್ಚುತ್ತಾರೆ, ಇಲ್ಲವೆ ಸುದ್ದಿ ಮಾತನಾಡುತ್ತಾರೆ. ನೊರೆಗೆ ಅವನು ಕೊಡುವ ಸಮಯ, ಎಡಗೈ ಹೆಬ್ಬೆರಳು ಚರ್ಮವನ್ನು ಸೆಳೆಯುವ ಬಗೆ, ಕತ್ತಿಯು ಗಲ್ಲದ ಮೂಳೆಯನ್ನು ಬಳಸಿ ಇಳಿಯುವ ಹಗುರ, ಇವೆಲ್ಲ ತಲೆಮಾರುಗಳ ವಿದ್ಯೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಬಳಿಯಿದ್ದ ಹಡಪದ ಅಪ್ಪಣ್ಣನವರನ್ನು ತಮ್ಮ ಮೂಲಪುರುಷರೆಂದು ಗೌರವಿಸುವ ಹಡಪದ ಬಂಧುಗಳೂ, ಸವಿತಾ ಸಮಾಜದವರೂ ಈ ವಿದ್ಯೆಯನ್ನು ಕನ್ನಡ ನಾಡಿನಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಸ್ವಂತ ಗಲ್ಲದ ಮೇಲೆ ಒಂದು ತಿಂಗಳು ರೇಜರನ್ನು ಆಡಿಸಿದವನಿಗೆ, ಪರರ ಕೊರಳಿನ ಮೇಲೆ ಬರಿಗತ್ತಿಯನ್ನು ಆಡಿಸಿಯೂ ಗೆರೆ ಬೀಳಿಸದವನ ಯೋಗ್ಯತೆ ಎಷ್ಟೆಂಬುದು ತಾನಾಗಿ ತಿಳಿಯುತ್ತದೆ. ಆ ಕೈಗೆ ಕೊಡುವ ಹಣದಲ್ಲಿ ಚೌಕಾಶಿ ಮಾಡುವ ಮನಸ್ಸು ಆಗ ಬಾರದು.

ಮುಖವು ಹೊಸ ಪದ್ಧತಿಗೆ ಒಗ್ಗುವುದಕ್ಕೆ ಎರಡು ಮೂರು ವಾರಗಳು ಬೇಕು. ಕೈಗೆ ಇನ್ನೂ ಸ್ವಲ್ಪ ಹೆಚ್ಚು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಮಾತು ಕನ್ನಡಿಯ ಮುಂದೆ ದಿನವೂ ಸತ್ಯವಾಗುತ್ತದೆ. ಯಂತ್ರದಲ್ಲಿ ತಗಡು ಹೊತ್ತಿದ್ದ ಎಚ್ಚರಿಕೆಯನ್ನು ಇನ್ನು ಬೆರಳುಗಳೇ ಹೊರಬೇಕು. ಅವಸರದ ಕೆಲಸವಿರುವ ದಿನ ಗಡ್ಡವನ್ನು ಹಾಗೆಯೇ ಬಿಟ್ಟು ಹೊರಡುವವನು ಈ ವಿದ್ಯೆಯಲ್ಲಿ ಅರ್ಧ ಪಾಸಾದಂತೆ.