ಅರ್ಜಿ ಹಾಕುವುದನ್ನೇ ಬಿಟ್ಟವರು

ಪುಣೆಯ ನಮ್ಮ ಕನ್ನಡಿಗರ ಕೂಟಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: 'ಊರಲ್ಲಿ ಹುಡುಗರಿಗೆ ಕೆಲಸ ಬೇಕಾಗಿಲ್ಲ, ಮೊಬೈಲ್ ಒಂದಿದ್ದರೆ ಸಾಕು.' ಹೇಳುವವರು ನಮ್ಮಂಥವರೇ, ತಿಂಗಳ ಸಂಬಳ ತಪ್ಪದವರು. ಈ ಮಾತಿಗೆ ನನ್ನ ತಕರಾರಿದೆ.

ಮೂವತ್ತು ನಲವತ್ತು ಕಡೆ ಅರ್ಜಿ ಹಾಕಿ ಒಂದು ಕಡೆಯಿಂದಲೂ ಉತ್ತರ ಬಾರದಿದ್ದರೆ ಯಾರಾದರೂ ಕೈಚೆಲ್ಲುತ್ತಾರೆ. ಅದನ್ನು ಸೋಮಾರಿತನ ಎನ್ನಬೇಡಿ. ಸರ್ಕಾರಿ ಲೆಕ್ಕದಲ್ಲೂ ಇವರು ಸಿಗುವುದಿಲ್ಲ. ಕೆಲಸ ಹುಡುಕದ, ಕೆಲಸಕ್ಕೆ ಸಿದ್ಧನೂ ಇಲ್ಲ ಎನ್ನುವವನು ಕೇಂದ್ರದ ಶ್ರಮಶಕ್ತಿ ಸಮೀಕ್ಷೆಯ ಪ್ರಕಾರ ನಿರುದ್ಯೋಗಿಯೇ ಅಲ್ಲ, ಶ್ರಮಶಕ್ತಿಯ ಹೊರಗಿನವನು. ಆಸೆ ಬಿಟ್ಟವರು ಹೆಚ್ಚಿದಷ್ಟೂ ನಿರುದ್ಯೋಗದ ಅಂಕಿ ಚೆನ್ನಾಗಿ ಕಾಣುತ್ತದೆ!

ಕರ್ನಾಟಕದ ಯುವನಿಧಿಯನ್ನೇ ನೋಡಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾಯಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ 2 ವರ್ಷ. ಇದನ್ನು ಬಿಟ್ಟಿ ಭಾಗ್ಯ ಎಂದು ಹೀಗಳೆಯುವವರ ಸಾಲಿನಲ್ಲಿ ನಾನಿಲ್ಲ. ಇಂಟರ್‌ವ್ಯೂಗೆ ಹೋಗಲು ಬಸ್ ಚಾರ್ಜಾದರೂ ಬೇಕಲ್ಲ. ಆದರೆ ದುಡ್ಡು ಖಾತೆಗೆ ಬೀಳುತ್ತದೆ, 'ಹೇಗಿದ್ದೀಯಪ್ಪಾ' ಎಂದು ಕೇಳುವವರು ಬರುವುದಿಲ್ಲ. ಕೌಶಲ ತರಬೇತಿಗೂ ತಾನಾಗಿ ಹೋಗಿ ಹೆಸರು ಬರೆಸಬೇಕು. ಮನೆಯಿಂದ ಹೊರಬರಲು ಹಿಂಜರಿಯುವವನೇ ಮೊದಲ ಹೆಜ್ಜೆ ಇಡಬೇಕೆಂದರೆ ಹೇಗೆ?

ಜಪಾನ್ 2006ರಲ್ಲೇ ಇಂಥವರಿಗಾಗಿ ಯುವ ಬೆಂಬಲ ಕೇಂದ್ರಗಳನ್ನು ತೆರೆಯಿತು. ಈಗ 49 ವಯಸ್ಸಿನವರೆಗೂ ಪ್ರವೇಶವಿದೆ. ಕೆಲಸ ಕೊಡಿಸುವುದು 'ಹಲೋ ವರ್ಕ್' ಎಂಬ ಸರ್ಕಾರಿ ಕಚೇರಿಯ ಹೊಣೆ; ಅಲ್ಲಿಯವರೆಗೆ ಹೋಗುವಷ್ಟು ಧೈರ್ಯ ತುಂಬುವುದು ಈ ಕೇಂದ್ರಗಳದು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತು, ಜನರೊಡನೆ ಬೆರೆಯುವ ಅಭ್ಯಾಸ, ಕೆಲಸದ ಅನುಭವ. ಕೆಲಸ ಸಿಕ್ಕ ಮೇಲೂ ವಿಚಾರಿಸುತ್ತಾರೆ.

'ಇಷ್ಟೆಲ್ಲ ಖರ್ಚು ಯಾರಪ್ಪಾ ಮಾಡ್ತಾರೆ' ಎನ್ನುತ್ತೀರಿ. ನಮ್ಮ ಪ್ರಾಜೆಕ್ಟುಗಳಿಗೆ ಹೊಸಬ ಸೇರಿದರೆ ಮೆಂಟರ್ ಕೊಡುತ್ತೇವೆ, ತಿಂಗಳುಗಟ್ಟಲೆ ತರಬೇತಿ ಕೊಡುತ್ತೇವೆ. ಅದನ್ನು ಯಾರೂ ಬಿಟ್ಟಿ ಎನ್ನುವುದಿಲ್ಲ. ಆಯ್ಕೆಯಾಗಿ ಬಂದವನಿಗೇ ಕೈಹಿಡಿಯುವವರು ಬೇಕಾದರೆ, ಸೋತು ಕೂತವನಿಗೆ ಬೇಡವೇ?

ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗಳಲ್ಲಿ ನೋಂದಣಿ ಮಾಡುವ ಗುಮಾಸ್ತರ ಜೊತೆಗೆ, ಮನೆಮನೆಗೆ ಹೋಗಿ ಮಾತಾಡಿಸುವ, ಕೆಲಸಕ್ಕೆ ಸೇರಿದ ಮೇಲೂ ಆರು ತಿಂಗಳು ಬೆನ್ನಿಗಿರುವ ಆಪ್ತ ಸಲಹೆಗಾರರು ಬೇಕು. ಯುವನಿಧಿಯ ಫಲಾನುಭವಿಗಳ ಪಟ್ಟಿ ಸರ್ಕಾರದ ಕೈಯಲ್ಲೇ ಇದೆ. ಅಲ್ಲಿಂದ ಶುರುಮಾಡಲಿ.

ನಮ್ಮ ಪಾಲಿನ ಕೆಲಸವೂ ಇದೆ. ರೆಸ್ಯೂಮೆಯಲ್ಲಿ 2 ವರ್ಷದ ಗ್ಯಾಪ್ ಕಂಡರೆ ಓದದೆಯೇ ಪಕ್ಕಕ್ಕಿಡುವುದು ನಮ್ಮ ಉದ್ಯಮದಲ್ಲಿ ಮಾಮೂಲು. ಇಂಟರ್‌ವ್ಯೂ ಪ್ಯಾನೆಲ್‌ಗಳಲ್ಲಿ ಕೂರುವವರು ಇದನ್ನು ಓದುತ್ತಿದ್ದೀರಿ. ಆ ಹುಡುಗನನ್ನೋ ಹುಡುಗಿಯನ್ನೋ ಒಮ್ಮೆ ಕರೆದು ಮಾತಾಡಿಸಿ. ಆಯ್ಕೆ ಆಗದಿದ್ದರೆ ಯಾಕೆಂದು ಎರಡು ಸಾಲು ಬರೆಯಿರಿ. ಅಷ್ಟನ್ನೂ ಮಾಡದ ನಮಗೆ ಅವರನ್ನು ಸೋಮಾರಿಗಳು ಎನ್ನುವ ಹಕ್ಕಿಲ್ಲ.