ಟ್ರಂಕಿನಲ್ಲಿ ಕುಳಿತ ಫ್ಯಾಂಟಮ್

ಪಠ್ಯಪುಸ್ತಕದ ನಡುವೆ ಕಾಮಿಕ್ಸ್ ಅಡಗಿಸಿಟ್ಟು ಓದಿದವರು, ಓದುತ್ತ ಸಿಕ್ಕಿಬಿದ್ದವರು, ಸಿಕ್ಕಿಬಿದ್ದು ಬೆನ್ನಿಗೆ ಗುದ್ದು ತಿಂದವರು ನಾಡಿನಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಅವರಲ್ಲಿ ಅನೇಕರು ಈಗ ಅಜ್ಜಂದಿರು. ಶಿವಮೊಗ್ಗದ ನಿವೃತ್ತ ಅಂಚೆ ನೌಕರರೊಬ್ಬರು ಈ ಗುಂಪಿಗೆ ಸೇರಿದವರು. 1959ರಲ್ಲಿ ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಅವರ ಮಂಚದಡಿ ಒಂದು ತಗಡಿನ ಟ್ರಂಕು ಇದೆ. ಅದರೊಳಗೆ ಇರುವುದು ಆಸ್ತಿಪತ್ರವೂ ಅಲ್ಲ, ಬೆಳ್ಳಿ ಲೋಟವೂ ಅಲ್ಲ. ನುಸಿಗುಳಿಗೆಯ ವಾಸನೆ ಹೊಡೆಯುವ ಇನ್ನೂರಕ್ಕೂ ಹೆಚ್ಚು ಕಾಮಿಕ್ಸ್ ಪುಸ್ತಕಗಳು.

ಕಳೆದ ಬೇಸಿಗೆಯಲ್ಲಿ ಈ ಟ್ರಂಕಿಗೆ ಗಂಡಾಂತರ ಬಂತು. ಏಳನೇ ತರಗತಿಯ ಮೊಮ್ಮಗನಿಗೆ ವಿಜ್ಞಾನದಲ್ಲಿ ಅಂಕ ಇಳಿದಿತ್ತು. ಇಂಗ್ಲಿಷ್ ಮಾಧ್ಯಮದ ಹುಡುಗ. ಕನ್ನಡ ಓದುವಾಗ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಾನೆ. ‘ಇವನು ಬರೀ ಚಿತ್ರ ನೋಡ್ತಾನಪ್ಪ, ಓದೋದಿಲ್ಲ. ಅದನ್ನೆಲ್ಲ ರದ್ದಿಯವನಿಗೆ ಕೊಟ್ಟುಬಿಡಿ’ ಎಂದಳು ಮಗಳು. ಅವಳ ಮಾತಿನಲ್ಲಿ ಸಿಟ್ಟಿಗಿಂತ ಆತಂಕವೇ ಹೆಚ್ಚಿತ್ತು. ಆತಂಕ ಸುಳ್ಳೇನೂ ಆಗಿರಲಿಲ್ಲ.

ಅಜ್ಜ ಉತ್ತರ ಕೊಡಲಿಲ್ಲ. 1972ರಲ್ಲಿ ಎಂಟನೇ ತರಗತಿಯ ಗಣಿತದಲ್ಲಿ ತಾವು ನಪಾಸಾದ ದಿನ ಅವರಿಗೆ ನೆನಪಾಗಿತ್ತು. ಆ ದಿನ ಅವರ ಅಪ್ಪ ಒಂದು ಮಾತೂ ಬಯ್ಯದೆ, ಮಗನ ಕಾಮಿಕ್ಸ್ ಕಟ್ಟನ್ನು ತಂದು ಬಚ್ಚಲೊಲೆಗೆ ತುರುಕಿದ್ದರು. ಅಂದು ಸಂಜೆ ಮನೆಮಂದಿಯೆಲ್ಲ ಅದೇ ಬಿಸಿನೀರಿನಲ್ಲಿ ಸ್ನಾನ ಮಾಡಿದರು. ಮುಂದಿನ ವರ್ಷ ಗಣಿತ ಪಾಸಾಯಿತು. ಅದು ಒಲೆಯ ಪ್ರಭಾವವೋ, ಹೊಸ ಮೇಷ್ಟರ ಪ್ರಭಾವವೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಸುಟ್ಟ ಕಟ್ಟಿನಲ್ಲಿ ಒಂದು ಪುಸ್ತಕದ ಬಗ್ಗೆ ಮಾತ್ರ ಅವರಿಗೆ ತೀರದ ಸಂಕಟ. ಬೆಂಗಳೂರಿನ ಸೋದರಮಾವ ತಂದುಕೊಟ್ಟ ಕನ್ನಡದ ‘ಸಿಂಡರೆಲ್ಲಾ’ ಅದು. ಆ ಪುಟ್ಟ ಪುಸ್ತಕದ ಮಹತ್ವ ಅವರಿಗೆ ತಿಳಿದದ್ದು ಬಹಳ ತಡವಾಗಿ. ‘ಅಮರ ಚಿತ್ರ ಕಥೆ’ ಎಂದರೆ ಮುಂಬಯಿಯಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿದ್ದು ಎಂದೇ ಬಹುಮಂದಿ ತಿಳಿದಿದ್ದಾರೆ. ನಿಜಸಂಗತಿ ಬೇರೆ. 1965ರಲ್ಲಿ ಇಂಡಿಯಾ ಬುಕ್ ಹೌಸ್ ಪ್ರಕಾಶನದ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಈ ಹೆಸರಿನಲ್ಲಿ ಮೊದಲ ಹತ್ತು ಪುಸ್ತಕಗಳನ್ನು ಹೊರತಂದರು, ಕನ್ನಡದಲ್ಲಿ! ಅವು ಸಿಂಡರೆಲ್ಲಾ, ಪಿನೋಕಿಯೋ ಮುಂತಾದ ಪಾಶ್ಚಾತ್ಯ ಕಥೆಗಳು. ಚೆನ್ನಾಗಿ ಮಾರಾಟವಾದವು. ಅನಂತರವೇ ಮುಂಬಯಿಯ ಮುಖ್ಯ ಕಚೇರಿ ಕಣ್ಣರಳಿಸಿದ್ದು. ಇಂಗ್ಲಿಷಿನ ಮೊದಲ ಪುಸ್ತಕ ‘ಕೃಷ್ಣ’ದ ಕ್ರಮಸಂಖ್ಯೆ 11 ಏಕೆ ಎಂದು ತಲೆ ಕೆರೆದುಕೊಂಡವರಿಗೆ ಇದೇ ಉತ್ತರ. ಮೊದಲ ಹತ್ತು ಸಂಖ್ಯೆ ಕನ್ನಡಕ್ಕೆ ಸಂದಿದ್ದವು.

ಆ ಮುಂದಿನ ಸರಣಿಯನ್ನು ಕಟ್ಟಿ ಬೆಳೆಸಿದವರೂ ಈ ನಾಡಿನ ಮಣ್ಣಿನವರೇ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ, ಬಾಲ್ಯದಲ್ಲಿಯೇ ತಂದೆತಾಯಿಯನ್ನು ಕಳೆದುಕೊಂಡು ಮುಂಬಯಿ ಸೇರಿದರು. ಓದಿದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ. ವಿಜ್ಞಾನ ಓದಿದ ಮಗ ಚಿತ್ರಕಥೆ ಮಾಡುತ್ತ ಕೂತರೆ ಇಂದಿನ ಪಾಲಕರು ಏನನ್ನುತ್ತಿದ್ದರೋ! 1967ರಲ್ಲಿ ದೆಹಲಿಯ ದೂರದರ್ಶನದಲ್ಲಿ ನಡೆದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ದೇವತೆಗಳ ಬಗ್ಗೆ ಥಟ್ಟನೆ ಉತ್ತರಿಸಿದ ಮಕ್ಕಳು ರಾಮನ ತಾಯಿ ಯಾರೆಂಬ ಪ್ರಶ್ನೆಗೆ ಬಾಯಿ ಬಿಡಲಿಲ್ಲ. ಅದು ಪೈಯವರ ಮನಸ್ಸಿಗೆ ನಾಟಿತು. ಈ ಪ್ರಸಂಗ ಎಲ್ಲೆಡೆ ಪ್ರಚಾರ ಪಡೆದಿದೆ. ಬೆಂಗಳೂರಿನ ಆ ಹತ್ತು ಪುಸ್ತಕಗಳ ಸಂಗತಿಗೆ ಅಷ್ಟು ಪ್ರಚಾರ ಸಿಕ್ಕಿಲ್ಲ. ಟ್ರಂಕಿನ ಯಜಮಾನರ ಬಳಿ ಆ ಹತ್ತರಲ್ಲಿ ಒಂದೂ ಈಗ ಇಲ್ಲ. ಊರಿಂದೂರಿಗೆ ಹೋದಾಗಲೆಲ್ಲ ಹಳೆ ಪುಸ್ತಕದ ಅಂಗಡಿಗಳಲ್ಲಿ ಕೇಳುತ್ತಾರೆ. ಸಿಕ್ಕಿಲ್ಲ.

ಅಭಿಮಾನವಿದ್ದ ಮಾತ್ರಕ್ಕೆ ದೋಷ ಕಾಣಬಾರದೆಂದೇನಿಲ್ಲ. ಹಳೆಯ ಅಮರ ಚಿತ್ರ ಕಥೆಗಳಲ್ಲಿ ನಾಯಕ ಬೆಳ್ಳಗೆ, ರಾಕ್ಷಸ ಕಪ್ಪಗೆ. ಬಾಲಕನಾಗಿದ್ದಾಗ ಇದು ಅವರ ಕಣ್ಣಿಗೆ ಬೀಳಲೇ ಇಲ್ಲ. ಮಗಳು ಎಂಟು ವರ್ಷದವಳಿದ್ದಾಗ ಒಂದು ದಿನ ತನ್ನ ಕೈಯ ಬಣ್ಣವನ್ನು ಪುಟದ ಪಕ್ಕಕ್ಕೆ ಹಿಡಿದು ನೋಡಿ, ‘ಅಪ್ಪ, ನಾನು ರಾಕ್ಷಸರ ಕಡೆಯವಳಾ?’ ಎಂದಳಂತೆ. ಅಂದಿನಿಂದ ಆ ಪುಟಗಳನ್ನು ಅವರು ಮೊದಲಿನಂತೆ ನೋಡಲಾರರು. ಆದರೂ ಜಗದೀಶಚಂದ್ರ ಬೋಸ್ ಅವರ ಜೀವನವನ್ನು ಅವರು ಮೊದಲು ಓದಿದ್ದು ಪಾಠದಲ್ಲಲ್ಲ, ಇದೇ ಸರಣಿಯ ಪುಸ್ತಕದಲ್ಲಿ.

ಇನ್ನು ಫ್ಯಾಂಟಮ್. ಅಮೆರಿಕದ ಲೀ ಫಾಕ್ ಎಂಬ ಲೇಖಕರು 1934ರಲ್ಲಿ ಮಾಂತ್ರಿಕ ಮ್ಯಾಂಡ್ರೇಕ್‌ನನ್ನೂ 1936ರಲ್ಲಿ ಫ್ಯಾಂಟಮ್‌ನನ್ನೂ ಸೃಷ್ಟಿಸಿದರು. ಟೈಮ್ಸ್ ಆಫ್ ಇಂಡಿಯಾ ಬಳಗ 1964ರಲ್ಲಿ ಆರಂಭಿಸಿದ ‘ಇಂದ್ರಜಾಲ ಕಾಮಿಕ್ಸ್’ ಇವರಿಬ್ಬರನ್ನೂ ಭಾರತದ ಮನೆಮನೆಗೆ ತಂದು, 1990ರಲ್ಲಿ ನಿಂತುಹೋಯಿತು. ಕನ್ನಡದ ಓದುಗರಿಗೆ ‘ಸುಧಾ’ ವಾರಪತ್ರಿಕೆಯ ಪುಟದಲ್ಲಿಯೂ ಫ್ಯಾಂಟಮ್ ಸಿಗುತ್ತಿದ್ದ. ಪತ್ರಿಕೆ ಬಂದೊಡನೆ ಮನೆಯಲ್ಲಿ ಮೊದಲು ಆ ಪುಟಕ್ಕೇ ಜಗಳ. ಅಂಚೆ ನೌಕರರು ಆ ಪುಟಗಳನ್ನು ಜೋಪಾನವಾಗಿ ಕತ್ತರಿಸಿ, ದಬ್ಬಳದಿಂದ ತೂತು ಕೊರೆದು, ಅಂಚೆ ಚೀಲದ ದಾರದಲ್ಲಿ ಹೊಲಿದು ಇಟ್ಟಿದ್ದಾರೆ. ನಡುವೆ ಮೂರು ವಾರದ ಕಂತು ಇಲ್ಲ. ಆಗ ಅವರಿಗೆ ಟೈಫಾಯ್ಡ್ ಬಂದಿತ್ತು. ಆ ಕಥೆಯಲ್ಲಿ ಹಡಗಿನಿಂದ ಫ್ಯಾಂಟಮ್ ಪಾರಾದದ್ದು ಹೇಗೆಂಬುದು ಅವರಿಗೆ ಇಂದಿಗೂ ಗೊತ್ತಿಲ್ಲ.

ತಲೆಬುರುಡೆಯ ಗವಿ, ಗುದ್ದಿದರೆ ದವಡೆಯ ಮೇಲೆ ಅಚ್ಚೊತ್ತುವ ಉಂಗುರ, ಹೀರೋ ಎಂಬ ಬಿಳಿ ಕುದುರೆ, ಡೆವಿಲ್ ಎಂಬ ತೋಳ (ನಾಯಿ ಎಂದರೆ ಅಭಿಮಾನಿಗಳಿಗೆ ಸಿಟ್ಟು ಬರುತ್ತದೆ). ಅಪ್ಪನ ನಂತರ ಮಗ, ಮಗನ ನಂತರ ಮೊಮ್ಮಗ ಅದೇ ಉಡುಪು ತೊಡುವುದರಿಂದ ಕಾಡಿನ ಜನ ಅವನಿಗೆ ಸಾವೇ ಇಲ್ಲವೆಂದು ನಂಬುತ್ತಾರೆ. ಈಗಿನವನು ಇಪ್ಪತ್ತೊಂದನೆಯವನು. ಹುಡುಗನಾಗಿದ್ದಾಗ ಮೈ ಝುಂ ಎನ್ನಿಸುತ್ತಿದ್ದ ಈ ಕಥೆ ಈಗ ಓದಿದರೆ ಒಂದು ಪ್ರಶ್ನೆ ಎಬ್ಬಿಸುತ್ತದೆ. ಅಷ್ಟು ದೊಡ್ಡ ಕಾಡಿನ ಕಪ್ಪು ಜನರಿಗೆಲ್ಲ ನ್ಯಾಯ ಹೇಳಲು ನಾನೂರು ವರ್ಷದಿಂದ ಒಂದೇ ಬಿಳಿಯರ ಮನೆತನ ಏಕೆ ಬೇಕಾಯಿತು? ಪ್ರಶ್ನೆ ಎದ್ದಿತೆಂದು ಪುಸ್ತಕವನ್ನು ಅವರು ಎಸೆದಿಲ್ಲ. ಮೊಮ್ಮಗನಿಗೂ ಕೇಳಿದರು. ‘ಅಲ್ಲಿ ಪೊಲೀಸ್ ಸ್ಟೇಷನ್ ಇರ್ಲಿಲ್ವಾ ಅಜ್ಜ?’ ಎಂದ ಅವನು. ಆ ಪ್ರಶ್ನೆಯೂ ಸಣ್ಣದಲ್ಲ.

ಫ್ಯಾಂಟಮ್ ಉಡುಪಿನದೊಂದು ತಮಾಷೆ. ಲೀ ಫಾಕ್ ಮನಸ್ಸಿನಲ್ಲಿದ್ದುದು ಬೂದು ಬಣ್ಣ. ದಿನಪತ್ರಿಕೆಯ ಕಪ್ಪುಬಿಳುಪು ಕಂತಿನಲ್ಲಿ ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ. 1939ರಲ್ಲಿ ಭಾನುವಾರದ ಬಣ್ಣದ ಪುಟ ಆರಂಭವಾದಾಗ ಉಡುಪು ನೇರಳೆಯಾಗಿ ಅಚ್ಚಾಯಿತು. ಸ್ವೀಡನ್‌ನಲ್ಲಿ ಅವನು ನೀಲಿ, ಇಟಲಿಯಲ್ಲಿ ಕೆಂಪು! ಅಚ್ಚುಮನೆಯ ಬಣ್ಣ ಅಷ್ಟು ಪ್ರಭಾವಶಾಲಿ. ವಿದ್ಯಾರ್ಥಿಗಳು ಹಳೆಯ ಕಾಮಿಕ್ಸ್ ಪುಟವೊಂದನ್ನು ಭೂತಗನ್ನಡಿಯಲ್ಲಿ ನೋಡಬೇಕು. ಹಸಿರು ಮರವೆಂದು ಕಂಡಲ್ಲಿ ಹಳದಿ ಮತ್ತು ತಿಳಿನೀಲಿ ಚುಕ್ಕೆಗಳು ಒಂದರ ಮೇಲೊಂದು ಕುಳಿತಿರುತ್ತವೆ. ಮುಖದ ಬಣ್ಣವೆಂದು ಕಂಡಲ್ಲಿ ಹಳದಿಯ ಜೊತೆಗೆ ಗುಲಾಬಿಗೆಂಪಿನ ಚುಕ್ಕೆಗಳು. ಈ ಮೂರರ ಜೊತೆಗೆ ಕಪ್ಪು ಸೇರಿದರೆ ನಾಲ್ಕೇ ಶಾಯಿಗಳಲ್ಲಿ ಇಡೀ ಕಾಡು ಸಿದ್ಧ. ಬಳಿಕ ಮೊಬೈಲಿನ ಪರದೆಯ ಮೇಲೆ ಒಂದು ಸಣ್ಣ ಹನಿ ನೀರು ಹಾಕಿ ನೋಡಿದರೆ ಹನಿಯೇ ಮಸೂರವಾಗಿ ಕೆಂಪು, ಹಸಿರು, ನೀಲಿ ಚುಕ್ಕೆಗಳು ಕಾಣುತ್ತವೆ. ಶಾಯಿ ಬೆಳಕನ್ನು ಹೀರುತ್ತದೆ, ಪರದೆ ಬೆಳಕನ್ನು ಸೂಸುತ್ತದೆ. ಅದಕ್ಕೇ ಎರಡರ ಮೂಲವರ್ಣಗಳು ಬೇರೆ. ಮೊಮ್ಮಗ ಇದನ್ನು ಒಂದಿಡೀ ಮಧ್ಯಾಹ್ನ ಮಾಡಿದ. ಮೊಬೈಲ್ ಅವನ ಅಮ್ಮನದು ಎಂಬುದು ಬೇರೆ ಮಾತು.

ಆದರೆ ಟ್ರಂಕನ್ನು ನಿಜವಾಗಿ ಉಳಿಸಿದ್ದು ಫ್ಯಾಂಟಮ್ ಅಲ್ಲ, ಟಿನ್‌ಟಿನ್. ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದಾಗ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಸಿಕ್ಕಿದ ಪುಸ್ತಕವದು, ರಟ್ಟು ಹರಿದಿತ್ತು. ಬೆಲ್ಜಿಯಂನ ಎರ್ಜೆ ಎಂಬ ಚಿತ್ರಕಾರರ ಈ ಪುಸ್ತಕದಲ್ಲಿ ಟಿನ್‌ಟಿನ್ ಮತ್ತವನ ಗೆಳೆಯರು ಚಂದ್ರನ ಮೇಲೆ ಇಳಿಯುತ್ತಾರೆ. ಪ್ರಕಟವಾದದ್ದು 1954ರಲ್ಲಿ. ಮನುಷ್ಯ ನಿಜವಾಗಿ ಇಳಿದದ್ದು ಇನ್ನೂ 15 ವರ್ಷ ಕಳೆದ ಮೇಲೆ. ರಾಕೆಟ್ಟಿನ ಎಂಜಿನ್ ಓಡುತ್ತಿರುವವರೆಗೂ ಎಲ್ಲರೂ ನೆಲದ ಮೇಲೆ ನಡೆಯುತ್ತಾರೆ. ಎಂಜಿನ್ ಅಕಸ್ಮಾತ್ತಾಗಿ ನಿಂತೊಡನೆ ಎಲ್ಲರೂ ತೇಲುತ್ತಾರೆ, ಕ್ಯಾಪ್ಟನ್ ಹ್ಯಾಡಕ್‌ನ ಮದ್ಯ ಲೋಟದಿಂದ ಎದ್ದು ಗುಂಡಗೆ ಚೆಂಡಿನಂತಾಗುತ್ತದೆ. ಕ್ಯಾಪ್ಟನ್ನನ ಕುಡಿತ ಅನುಕರಣೀಯವಲ್ಲ, ಆದರೆ ಅವನ ಮದ್ಯ ವಿಜ್ಞಾನವನ್ನು ಚೆನ್ನಾಗಿ ಬಲ್ಲದು.

ಮೊಮ್ಮಗ ಪರೀಕ್ಷೆಯಲ್ಲಿ ‘ಅಂತರಿಕ್ಷದಲ್ಲಿ ಗುರುತ್ವ ಇಲ್ಲ, ಅದಕ್ಕೆ ತೇಲುತ್ತಾರೆ’ ಎಂದು ಬರೆದು ಅಂಕ ಕಳೆದುಕೊಂಡಿದ್ದ. ದೊಡ್ಡವರಲ್ಲೂ ಬಹಳ ಮಂದಿ ಹಾಗೆಯೇ ನಂಬಿದ್ದಾರೆ. ಗುರುತ್ವ ಇಲ್ಲದಿದ್ದರೆ ಚಂದ್ರ ಭೂಮಿಯನ್ನು ಬಿಟ್ಟು ಎಂದೋ ಹೋಗಿಬಿಡುತ್ತಿದ್ದ. ಎಂಜಿನ್ ನಿಂತಾಗ ರಾಕೆಟ್, ಅದರ ನೆಲ, ಒಳಗಿನ ಜನ, ಲೋಟ, ಮದ್ಯ ಎಲ್ಲದರ ವೇಗವನ್ನೂ ಗುರುತ್ವ ಒಂದೇ ತೆರನಾಗಿ ಬದಲಿಸುತ್ತಿರುತ್ತದೆ. ನೆಲ ಯಾರನ್ನೂ ಒತ್ತುವುದಿಲ್ಲ. ಒತ್ತದಿದ್ದಾಗ ತೂಕ ತಿಳಿಯುವುದಿಲ್ಲ. ದ್ರವವನ್ನು ಒತ್ತಿ ಹಿಡಿಯುವುದು ಯಾವುದೂ ಇಲ್ಲವಾದ್ದರಿಂದ ಮೇಲ್ಮೈ ಸೆಳೆತ ಅದನ್ನು ಗೋಲವಾಗಿಸುತ್ತದೆ.

ಹೇಳಿದರೆ ಹುಡುಗನಿಗೆ ಅರ್ಥವಾಗಲಿಲ್ಲ. ಅಜ್ಜ ಒಂದು ಪ್ಲಾಸ್ಟಿಕ್ ಬಾಟಲಿ ತಂದು, ತಳದ ಬಳಿ ಮೊಳೆಯಿಂದ ತೂತು ಮಾಡಿ, ನೀರು ತುಂಬಿ, ಮುಚ್ಚಳ ತೆಗೆದು ತಾರಸಿಗೆ ಹತ್ತಿದರು. ಕೈಯಲ್ಲಿ ಹಿಡಿದಾಗ ತೂತಿನಿಂದ ನೀರು ಚಿಮ್ಮುತ್ತಿತ್ತು. ‘ಕೆಳಗೆ ನಿಂತು ನೋಡು ಮಾರಾಯ, ಕಣ್ಣು ಮಿಟುಕಿಸಬೇಡ’ ಎಂದು ಬಾಟಲಿಯನ್ನು ಕೈಬಿಟ್ಟರು. ಬೀಳುವಷ್ಟು ಹೊತ್ತೂ ನೀರು ಚಿಮ್ಮಲಿಲ್ಲ! ‘ಇನ್ನೊಂದ್ಸಲ ಅಜ್ಜ!’ ಎಂದು ಹುಡುಗ ಕೂಗಿದ. ನಾಲ್ಕನೆಯ ಸಲ ಬಾಟಲಿ ಒಣಗಲು ಹರವಿದ್ದ ಹಲಸಿನ ಹಪ್ಪಳದ ಮೇಲೆ ಬಿತ್ತು. ಮಗಳು ಹೊರಗೆ ಬಂದಳು. ಬಯ್ಯಲು ಬಂದವಳಿಗೆ ಹುಡುಗನೇ ಓಡಿ ಬಂದು ಕಾರಣ ವಿವರಿಸಿದ, ಒದ್ದೆ ಹಪ್ಪಳದ ಮಧ್ಯೆ ನಿಂತು, ಒಂದೂ ತಪ್ಪಿಲ್ಲದೆ.

ಅದೇ ಪುಸ್ತಕದಲ್ಲಿ ಚಂದ್ರನ ಗುಹೆಯೊಂದರಲ್ಲಿ ಮಂಜುಗಡ್ಡೆ ಸಿಗುತ್ತದೆ. ಇದು ಬಹುಕಾಲ ಲೇಖಕರ ಕಲ್ಪನೆ ಎಂದೇ ಎಣಿಕೆಯಾಗಿತ್ತು. 2008ರಲ್ಲಿ ಭಾರತದ ಚಂದ್ರಯಾನ-1 ಹೊತ್ತೊಯ್ದ ಉಪಕರಣವೊಂದು ಚಂದ್ರನ ಮೇಲ್ಮೈಯಲ್ಲಿ ನೀರಿನಂಶವಿರುವುದನ್ನು ಗುರುತಿಸಿ, 2009ರಲ್ಲಿ ಆ ಸುದ್ದಿ ಜಗತ್ತಿಗೆ ತಿಳಿಯಿತು. ಅದೇ ಉಪಕರಣದ ಮಾಹಿತಿಯಿಂದ 2018ರಲ್ಲಿ ಧ್ರುವಗಳ ಬಳಿಯ ಬಿಸಿಲು ಕಾಣದ ಕುಳಿಗಳಲ್ಲಿ ಮಂಜುಗಡ್ಡೆ ಇರುವುದು ಖಚಿತವಾಯಿತು. ಟಿನ್‌ಟಿನ್ ಇಳಿದದ್ದು ಧ್ರುವದಲ್ಲಲ್ಲ ಎಂದು ತಕರಾರು ತೆಗೆಯಬಹುದು. ತೆಗೆಯಲಿ, ಅದೂ ಓದಿದ್ದರ ಗುರುತೇ.

ಟ್ರಂಕಿನ ತಳದಲ್ಲಿ ಉಳಿದವರ ಸಂಖ್ಯೆ ದೊಡ್ಡದು. ಮಗಳ ಕಾಲದ ‘ಬಾಲಮಂಗಳ’ದ ಡಿಂಗ ಇದ್ದಾನೆ, ಹಾರುವ ಇಲಿ. 1980ರಲ್ಲಿ ಅನಂತ ಪೈಯವರೇ ಆರಂಭಿಸಿದ ‘ಟಿಂಕಲ್’ನ ಸುಪ್ಪಂಡಿ ಇದ್ದಾನೆ. ತಮಿಳುನಾಡಿನ ಓದುಗರೊಬ್ಬರು ಕಳಿಸಿದ ಜನಪದ ಕಥೆಗಳಿಂದ ಹುಟ್ಟಿದ ಈ ಪೆದ್ದನನ್ನು ರಾಮ್ ವಾಯೀರ್ಕರ್ ಚಿತ್ರಿಸುತ್ತಿದ್ದರು. 2003ರಲ್ಲಿ ಅವರು ತೀರಿಕೊಂಡ ಬಳಿಕ ಕುಂಚ ಮಗಳ ಕೈಗೆ ಬಂತು. ಫ್ಯಾಂಟಮ್‌ನ ಮನೆತನದ ಕಥೆ ಇಲ್ಲಿ ಚಿತ್ರಕಾರರ ಮನೆಯಲ್ಲೇ ನಡೆದುಹೋಯಿತು.

ಮಗಳು ಈಗ ರದ್ದಿಯವನ ಮಾತು ಎತ್ತುತ್ತಿಲ್ಲ. ಬದಲಿಗೆ ಒಂದು ಷರತ್ತು ಹಾಕಿದ್ದಾಳೆ: ದಿನಕ್ಕೆ ಸುಧಾದ ಎರಡು ಪುಟ ಹುಡುಗ ಗಟ್ಟಿಯಾಗಿ ಓದಬೇಕು. ಹುಡುಗ ಒಪ್ಪಿದ್ದಾನೆ, ಅವನದೂ ಒಂದು ಪ್ರತಿಷರತ್ತು. ತಾನು ಓದುವ ಜಪಾನಿ ಕಾಮಿಕ್ಸನ್ನು ಅಜ್ಜನೂ ಓದಬೇಕು. 1997ರಲ್ಲಿ ಎಯಿಚಿರೋ ಓಡಾ ಆರಂಭಿಸಿದ ಕಡಲ್ಗಳ್ಳರ ಆ ಕಥೆ ‘ಒನ್ ಪೀಸ್’ ನೂರು ಸಂಪುಟ ದಾಟಿದೆ. ‘ಇಷ್ಟು ಓದಿ ಮುಗಿಸೋಕೆ ನನಗೆ ಇನ್ನೊಂದು ಜನ್ಮ ಬೇಕು’ ಎನ್ನುತ್ತ ಅಜ್ಜ ಮೊದಲ ಸಂಪುಟ ತೆರೆದರು. ಎರಡು ಪುಟ ಓದಿದರೂ ತಲೆಬುಡ ಹತ್ತಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

‘ಅಜ್ಜ, ಅದು ಕೊನೆ ಪುಟ’ ಎಂದ ಮೊಮ್ಮಗ, ಪುಸ್ತಕವನ್ನು ಅವರ ಕೈಯಲ್ಲೇ ಮಗುಚಿ ಹಾಕಿ, ಬಲಗಡೆಯ ಮೊದಲ ಚೌಕದ ಮೇಲೆ ಬೆರಳಿಟ್ಟ.